ಅರ್ಧ ಬಿಷಪ್ಪನ ಗುಡ್ಡ

ಸಫ್ರ... ಸಫ್ರಗನ್ ಎಂದೇ ಇರಬೇಕು ಮಗಾ, ನೀನು ಬರೆದುಕೊಳ್ಳಲು ಕೇಳಿದ ಆ ಹುದ್ದೆಯ ಹೆಸರು. ಪುಣೆಯಲ್ಲಿ ಕೂತು ಎಷ್ಟು ನೆನೆದರೂ ಅಷ್ಟೇ ನಾಲಿಗೆಗೆ ಬರುವುದು. ನಮ್ಮ ಬಳ್ಳಾರಿ ಸೀಮೆಯ ಬಾಯಿಗೆ ಅದು ಹತ್ತಲೇ ಇಲ್ಲ. ಮುದ್ದನಹಟ್ಟಿಯ ಹಿಂದೆ, ಜಾಲಿಗಿಡಗಳ ನಡುವೆ ಸಮಾಧಿಗಳಿರುವ ಬೋಳು ಗುಡ್ಡವನ್ನು ಇಂದಿಗೂ ಅರ್ಧ ಬಿಷಪ್ಪನ ಗುಡ್ಡ ಎನ್ನುತ್ತಾರೆ.

ಹಿಂದೆ ಒಮ್ಮೆ, ಬಿಳಿಯರ ಕಾಲದಲ್ಲಿ, ಇಡೀ ಸೀಮೆಗೆ ದೂರದ ಪಟ್ಟಣದಲ್ಲಿ ಒಬ್ಬರೇ ಬಿಷಪ್ ಇದ್ದರಂತೆ. ವಯಸ್ಸಾಗಿ ಅವರಿಗೆ ಪ್ರಯಾಣ ಆಗದೆ, ಹಳ್ಳಿಗಳನ್ನು ತಿರುಗಲೆಂದು ಕೈಕೆಳಗೆ ಇನ್ನೊಬ್ಬ ಬಿಷಪ್ಪರನ್ನು ನೇಮಿಸಿದರು; ಅವರೇ ಈ ಸಫ್ರಗನ್. ದೀಕ್ಷೆಯೇನೋ ಪೂರ್ತಿ, ಆದರೆ ಸ್ವಂತ ಪೀಠವಿಲ್ಲ. ಇದನ್ನು ಮುದ್ದನಹಟ್ಟಿಗೆ ಯಾರೂ ತಿಳಿಸಿ ಹೇಳಿರಲಿಲ್ಲ. ಅಲ್ಲಿ ಬಡಗಿ ಸಮಾಧಾನಪ್ಪ ಬಿಷಪ್ಪರಿಗೆಂದೇ ತೇಗದ ಕುರ್ಚಿ ಮಾಡಿಟ್ಟು, ಅವರು ಬರುವ ಮೊದಲೇ ತೀರಿಕೊಂಡಿದ್ದ. ಅವನನ್ನು ಹೂಳಿದ ಗುಡ್ಡಕ್ಕೆ ಇನ್ನೂ ಬಿಷಪ್ಪರ ಆಶೀರ್ವಾದವಾಗಿರಲಿಲ್ಲ. ಅದೊಂದಕ್ಕಾಗಿ ಹೆಂಡತಿ ಎಸ್ತೇರಮ್ಮ ಕಾದಿದ್ದಳು.

ಕೊನೆಗೆ ಬಂದ ಆ ಕೈಕೆಳಗಿನ ಬಿಷಪ್ಪರು ಕುರ್ಚಿಗೆ ತಲೆಬಾಗಿ, ಪಕ್ಕದ ಬೆಂಚಿನ ಮೇಲೆ ಕುಳಿತರು. ಚರ್ಚಿನಲ್ಲಿ ಗುಸುಗುಸು ಎದ್ದಿತು. "ಕುರ್ಚಿ ಕಂಡ್ರ ಹೆದರೋ ದೊಡ್ಡ ಮನುಷ್ಯನ್ನ ಎಲ್ಲಾರ ನೋಡೀರೇನ್ರಪಾ? ಇವ ಬಿಷಪ್ಪಲ್ಲ, ಬಿಷಪ್ಪರ ಅಡಿಗಿಯವ ಇರಬೇಕು" ಎಂದ ಹಿರಿಯ ಯೋಬಪ್ಪ. ಆ ಮಾತು ಎಸ್ತೇರಮ್ಮನ ಕಿವಿಗೂ ಬಿತ್ತು. ಆಮೇಲೆ ಗುಡ್ಡದ ಮೇಲೆ ಅವರು ನೆಲವನ್ನು ಆಶೀರ್ವದಿಸುತ್ತ ನಡೆದಾಗ ಅವಳ ಕಣ್ಣು ಅವರು ಎತ್ತಿದ ಕೈಮೇಲೆಯೇ ಇತ್ತು. ನಡುಗುಡ್ಡದ ಬಂಡೆಯ ಹತ್ತಿರ ಅಡ್ಡ ನಿಂತಳು. ಗಂಡನ ಸಮಾಧಿ ಅದರಾಚೆಗಿತ್ತು.

"ನನ್ನ ಗಂಡ ಮಾಡಿದ ಕುರ್ಚಿ ಯಾಕ ಬ್ಯಾಡಾತು, ಸ್ವಾಮಿ?"

"ಅದು ದೊಡ್ಡವರ ಪೀಠ, ತಾಯಿ. ನಾನು ಅವರ ಸಹಾಯಕ."

"ಹಂಗಾರ ಅರ್ಧ ಬಿಷಪ್ ಅನ್ರಿ. ನನ್ನ ಗಂಡಗ ಪೂರಾ ಬಿಷಪ್ಪೇ ಬೇಕು. ಈ ಬಂಡೆ ದಾಟಬ್ಯಾಡ್ರಿ."

ಅವರು ದಾಟಲಿಲ್ಲ. ಆಚೆಯ ನೆಲವನ್ನೊಮ್ಮೆ ನೋಡಿ ಇಳಿದು ಹೋದರು.

ದೊಡ್ಡ ಬಿಷಪ್ ಬರಲೇ ಇಲ್ಲ. ಸಹಾಯಕರೂ ತೀರಿಕೊಂಡರು, ಆ ಹುದ್ದೆಗೆ ಮತ್ತೆ ಯಾರನ್ನೂ ನೇಮಿಸಲಿಲ್ಲ. ಅನುಮಾನ ಪಟ್ಟವರೆಲ್ಲ ಸಾಯುವಾಗ ಬಂಡೆಯ ಈಚೆಯ, ಆಶೀರ್ವಾದವಾದ ನೆಲವನ್ನೇ ಕೇಳಿಕೊಂಡರು, ಯೋಬಪ್ಪನೇ ಮೊದಲು. ಎಸ್ತೇರಮ್ಮನಿಗೂ ಅಲ್ಲಿ ಜಾಗ ಬಿಟ್ಟಿದ್ದರು. ಅವಳು ಒಪ್ಪಲಿಲ್ಲ. "ಆ ಸ್ವಾಮಿ ಸುಳ್ಳಾಗಿದ್ರ ಅಲ್ಲಿ ಮಲಗಿ ಏನು ಬಂತು? ಖರೇನೇ ಆಗಿದ್ರ, ನನ್ನ ಗಂಡನ್ನ ಹೊರಗ ನಿಲ್ಲಿಸಿ ಪರಲೋಕಕ್ಕ ನಾನೊಬ್ಬಾಕಿ ಯಾಕ ಹೋಗ್ಲಿ?" ಎಂದಳಂತೆ.

ಈಗಲೂ ಹೋದವರಿಗೆ ಕಾಣುತ್ತದೆ: ಬಂಡೆಯ ಈಚೆ ಕಾಲಿಡಲು ಜಾಗವಿಲ್ಲದಷ್ಟು ಶಿಲುಬೆಗಳು, ಆಚೆ ಎರಡೇ ಸಮಾಧಿ. ಒಂದರ ಮೇಲೆ ಬಡಗಿಯ ಹೆಸರಿದೆ. ಇನ್ನೊಂದರ ಮೇಲೆ ಯಾರೂ ಏನೂ ಕೆತ್ತಲಿಲ್ಲ. ಎಸ್ತೇರಮ್ಮ ಅಂತ ಬರಕೋ, ಮಗಾ.