ಬಿದ್ದ ಮರಕ್ಕೆ ನೀರು ಹೊಯ್ದವನು

“ಗುರುಗಳೇ, ನಕ್ಕರೆ ದ್ರೋಹವಾಗುತ್ತದೆಯೇ?”

ಕೇಳಿದವನು ಹಾಲಯ್ಯ. ಮಠಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಹೆಂಡತಿ ಅಂಬವ್ವ ತೀರಿಕೊಂಡ ತಿಂಗಳೊಳಗೆ ಬಂದವನು. ಹೇಳಿದ ಕೆಲಸ ಮಾಡುತ್ತಿದ್ದ, ಕೊಟ್ಟದ್ದು ಉಣ್ಣುತ್ತಿದ್ದ, ಯಾರೊಂದಿಗೂ ಹೆಚ್ಚು ಮಾತಿಲ್ಲ. ಹಿಂದಿನ ದಿನ ಪಂಕ್ತಿಯಲ್ಲಿ ಪಾಯಸ ಬಡಿಸುವಾಗ ಗುರುಗಳು “ಸಾಕಪ್ಪಾ, ಸಾಕು” ಎನ್ನುತ್ತ ಎಲೆಗೆ ಅಂಗೈ ಅಡ್ಡ ಹಿಡಿದಿದ್ದರು. ಹಿಡಿದ ಕೈಯ ಬೆರಳುಗಳ ನಡುವೆ ಪಾಯಸ ಇಳಿಯುವಷ್ಟು ಸಂದನ್ನೂ ಬಿಟ್ಟಿದ್ದರು. ಅದನ್ನು ಕಂಡು ಹಾಲಯ್ಯ ಗಟ್ಟಿಯಾಗಿ ನಕ್ಕುಬಿಟ್ಟಿದ್ದ. ನಕ್ಕವನು ಅರ್ಧ ಊಟದಲ್ಲೇ ಎದ್ದುಹೋಗಿದ್ದ.

“ನಾಲ್ಕು ವರ್ಷ ನನ್ನ ದುಃಖವನ್ನು ಇದ್ದ ಹಾಗೆಯೇ ಇಟ್ಟುಕೊಂಡಿದ್ದೆ, ಗುರುಗಳೇ. ಕೂದಲೆಳೆಯಷ್ಟೂ ಕೆಡಲು ಬಿಟ್ಟಿರಲಿಲ್ಲ. ನಿನ್ನೆ ಆ ಒಂದು ಗಳಿಗೆ ಅವಳು ನೆನಪಿನಲ್ಲೇ ಇರಲಿಲ್ಲ. ಅವಳಿಗೆ ದ್ರೋಹ ಮಾಡಿದೆನೇ?”

“ಕುಳಿತುಕೋ” ಎಂದರು ಗುರುಗಳು. “ಒಂದು ಕತೆ ಇದೆ. ಮುಕ್ಕಾಲು ಪಾಲು ನಿಜ. ಉಳಿದ ಕಾಲು ಅದಕ್ಕಿಂತ ನಿಜ.”

ಹಾಲಯ್ಯ ಕುಳಿತ. ಗುರುಗಳು ಹೇಳಿದರು.

ಒಂದು ಬೆಟ್ಟವಿತ್ತು. ಬೆಟ್ಟದ ತುಂಬ ಕಾಡು. ಆ ಕಾಡಿಗೊಬ್ಬ ಕಾವಲುಗಾರ. ಅವನಿಗೆ ಹೆಂಡಿರಿಲ್ಲ, ಮಕ್ಕಳಿಲ್ಲ. ಹೊನ್ನೆ, ಮತ್ತಿ, ನಂದಿ, ತೇಗ, ಇವೇ ಅವನ ಬಂಧುಬಳಗ. ಯಾವ ಮರದಲ್ಲಿ ಜೇನು ಕಟ್ಟುತ್ತದೆ, ಯಾವುದರ ಬುಡದಲ್ಲಿ ಮಲಗಿದರೆ ಒಳ್ಳೆಯ ನಿದ್ದೆ ಬರುತ್ತದೆ, ಎಲ್ಲ ಬಲ್ಲವನು. ಒಂದು ಹೊನ್ನೆ ಮರದ ಜೊತೆ ಅವನಿಗೆ ಜಗಳವಿತ್ತೆಂದೂ ಎರಡು ವರ್ಷ ಅದರ ನೆರಳಿಗೆ ಹೋಗಲಿಲ್ಲವೆಂದೂ ಹೇಳುತ್ತಾರೆ. ಜಗಳ ಏತಕ್ಕೆಂದು ಮರವೂ ಹೇಳಲಿಲ್ಲ, ಅವನೂ ಹೇಳಲಿಲ್ಲ.

ಒಂದು ದಿನ ಬಿರುಗಾಳಿ ಬಂತು. ಬಂದದ್ದು ಒಂದು ಎಲೆಯಡಿಕೆ ಜಗಿದು ಉಗುಳುವಷ್ಟು ಹೊತ್ತು. ಕಾವಲುಗಾರ ಒಂದು ಬಂಡೆಯ ಸಂದಿಗೆ ಸೇರಿಕೊಂಡು ಬದುಕಿದ. ಹೊರಗೆ ಬಂದು ನೋಡಿದರೆ ತಲೆಯ ಮೇಲೆ ಆಕಾಶವಿತ್ತು. ಆ ಜಾಗದಲ್ಲಿ ಅವನು ಆಕಾಶವನ್ನು ಎಂದೂ ಕಂಡಿರಲಿಲ್ಲ. ಒಂದು ಸಾವಿರ ಮರ ಬಿದ್ದಿದ್ದವು. ಯಾರು ಎಣಿಸಿದರು ಎಂದು ಕೇಳಬೇಡ. ಎಣಿಸಿದವನು ಆರುನೂರಕ್ಕೆ ತೂಕಡಿಸಿದ, ಉಳಿದದ್ದು ಅಂದಾಜು.

ಸುದ್ದಿ ತಿಳಿದು ಒಬ್ಬ ಮರದ ವ್ಯಾಪಾರಿ ಬಂದ. ಬಿದ್ದ ಮರಗಳನ್ನೆಲ್ಲ ಕೊಂಡುಕೊಂಡ. ರೆಂಬೆ ಕಡಿಸಿ, ದಿಮ್ಮಿಗಳನ್ನು ಹಳ್ಳದ ದಂಡೆಗೆ ಉರುಳಿಸಿ ರಾಶಿ ಹಾಕಿಸಿದ. ಆಮೇಲೆ ತಲೆಯ ಮೇಲೆ ಕೈಹೊತ್ತು ಕುಳಿತ.

“ಈ ಸೀಮೆಯಲ್ಲಿ ಇರುವವರು ಎರಡು ಜೋಡಿ ಗರಗಸದವರು” ಎಂದ ವ್ಯಾಪಾರಿ. “ಇಷ್ಟನ್ನೂ ಅವರು ಕೊಯ್ದು ಮುಗಿಸುವಷ್ಟರಲ್ಲಿ ಅವರಿಗೆ ಮೊಮ್ಮಕ್ಕಳಾಗುತ್ತವೆ. ಅಲ್ಲಿಯವರೆಗೆ ಹುಳ ಸುಮ್ಮನಿರುತ್ತದೆಯೇ? ಬಿಸಿಲು ಸುಮ್ಮನಿರುತ್ತದೆಯೇ? ಮರ ಸದಾ ಒದ್ದೆಯಾಗಿದ್ದರೆ ಹುಳ ಹತ್ತುವುದಿಲ್ಲ, ಬಿರುಕು ಬಿಡುವುದಿಲ್ಲ. ತೊಗಟೆ ಸುಲಿಯಬೇಡಿ. ಹಗಲೆಲ್ಲ ನೀರು ಹೊಯ್ಯಿರಿ. ಒಂದೇ ಒಂದು ತುದಿಯೂ ಒಣಗಬಾರದು. ಕೊಯ್ಯುವವರು ಸಿಕ್ಕ ಹಾಗೆ ನಾನು ಒಯ್ಯುತ್ತೇನೆ.”

ಹಳ್ಳದ ದಂಡೆಯಲ್ಲಿ ನೀರೆತ್ತಲು ಒಂದು ಏತ ನೆಟ್ಟರು. ಒಬ್ಬ ಏತದ ತೊಲೆಯ ಮೇಲೆ ಹಿಂದೆ ಮುಂದೆ ನಡೆಯಬೇಕು. ಕೆಳಗಿನವನು ಮೇಲೆ ಬಂದ ಕೊಡವನ್ನು ಹಿಡಿದು ಸುರಿಯಬೇಕು. ಸುರಿದ ನೀರು ಸೀಳಿದ ಬಿದಿರಿನ ದೋಣಿಗಳಲ್ಲಿ ಹರಿದು ರಾಶಿಗಳ ನೆತ್ತಿಯ ಮೇಲೆ ತೊಟ್ಟಿಕ್ಕಬೇಕು. ಈ ಕೆಲಸಕ್ಕೆ ಆರು ಜನ ನಿಂತರು. ಕಾವಲುಗಾರ ಯಾರೂ ಕರೆಯದೆಯೇ ಏಳನೆಯವನಾಗಿ ನಿಂತ. ಅವನಿಗೆ ಕೂಲಿ ಬೇಕಿರಲಿಲ್ಲ. ತನ್ನ ಮರಗಳು ಹುಳಕ್ಕೆ ತುತ್ತಾಗುವುದು ಬೇಡವಾಗಿತ್ತು.

ಎರಡು ವರ್ಷ ವ್ಯಾಪಾರಿಯ ಗಾಡಿಗಳು ಬಂದವು. ಅರ್ಧದಷ್ಟು ಮರ ಹೋಯಿತು. ಮೂರನೆಯ ವರ್ಷ ಗಾಡಿ ಬರಲಿಲ್ಲ. ವ್ಯಾಪಾರಿ ಉಪ್ಪಿನ ವ್ಯಾಪಾರಕ್ಕೆ ಇಳಿದನೆಂದು ಕೆಲವರು ಹೇಳಿದರು. ಸತ್ತನೆಂದು ಕೆಲವರು ಹೇಳಿದರು. ಎರಡೂ ಇರಬಹುದು. ಅವನನ್ನು ಮತ್ತೆ ಯಾರೂ ಕಾಣಲಿಲ್ಲ.

ಆಳುಗಳು ಒಬ್ಬೊಬ್ಬರಾಗಿ ಹೋದರು. ಒಬ್ಬನಿಗೆ ಬಿತ್ತನೆಯ ಕಾಲ ಬಂತು. ಒಬ್ಬನ ಹೆಂಡತಿ ಹೆತ್ತಳು. ಒಬ್ಬ ಮೈತುಂಬ ಜಿಗಣೆಗಳನ್ನು ಹೊತ್ತುಕೊಂಡು ಬೈಯುತ್ತ ಹೋದ. ಕೊನೆಗೆ ಉಳಿದವನು ತೊಲೆಯ ಮೇಲೆ ನಡೆಯುತ್ತಿದ್ದ ಆಳು ಮಾತ್ರ. ಅವನು ಬಾಯಿಬಡುಕ. ಅವನೂ ಒಂದು ಬೆಳಿಗ್ಗೆ ತೊಲೆಯಿಂದ ಇಳಿದ.

“ಅಲ್ಲ ಮಾರಾಯ, ನಿಂತ ಮರಕ್ಕೆ ನಮ್ಮಪ್ಪ ನೀರು ಹಾಕಲಿಲ್ಲ, ನಮ್ಮಜ್ಜ ನೀರು ಹಾಕಲಿಲ್ಲ. ನಾವು ಬಿದ್ದ ಮರಕ್ಕೆ ಹಾಕುತ್ತಿದ್ದೇವೆ. ಊರಲ್ಲಿ ಹೇಳಿದರೆ ನಮ್ಮಿಬ್ಬರ ತಲೆಗೂ ನಿಂಬೆಹಣ್ಣು ತಿಕ್ಕುತ್ತಾರೆ. ನಡೆ, ಹೋಗೋಣ.”

“ನೀನು ಹೋಗು. ನಾನು ಇವತ್ತಿನದು ಮುಗಿಸಿ ಬರುತ್ತೇನೆ.”

“ಇವತ್ತಿನದು ಯಾವತ್ತು ಮುಗಿಯುತ್ತದೋ!” ಎಂದು ನಗುತ್ತ ಅವನು ಹೋದ. ಬೆಟ್ಟದ ತಿರುವಿನಲ್ಲಿ ಒಮ್ಮೆ ನಿಂತು ಕೈ ಬೀಸಿದ. ಕಾವಲುಗಾರ ಕೊಡ ಹಿಡಿದಿದ್ದ. ಕೈ ಬೀಸಲಾಗಲಿಲ್ಲ.

ಏತಕ್ಕೆ ಇಬ್ಬರು ಬೇಕು. ಕಾವಲುಗಾರ ತೊಲೆಯ ಹಿಂತುದಿಗೆ ಒಂದು ಕಲ್ಲು ಕಟ್ಟಿದ. ನಡೆಯುವವನ ಕೆಲಸವನ್ನು ಕಲ್ಲು ಮಾಡಿತು. ಕಲ್ಲು ಮಾತಾಡುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಒಂದು ತಿಂಗಳು ಅವನು ಅಭ್ಯಾಸಬಲದಿಂದ ಇಬ್ಬರಿಗೆ ಆಗುವಷ್ಟು ಗಂಜಿ ಕಾಯಿಸಿದ. ಉಳಿದದ್ದನ್ನು ಹಳ್ಳಕ್ಕೆ ಚೆಲ್ಲಿದ. ಆ ತಿಂಗಳು ಹಳ್ಳದ ಮೀನುಗಳು ಕೊಬ್ಬಿದವು. ಆಮೇಲೆ ಒಬ್ಬನಿಗೆ ಆಗುವಷ್ಟೇ ಕಾಯಿಸುವುದನ್ನು ಕಲಿತ.

ಬೇಸಿಗೆಯಲ್ಲಿ ಅವನು ಒಂದು ದಿನವೂ ಜಾಗ ಬಿಡುವಂತಿರಲಿಲ್ಲ. ಒಂದು ಹಗಲು ನೀರು ತಪ್ಪಿದರೆ ಸಾಕು, ಮೇಲಿನ ಸಾಲಿನ ತುದಿಗಳು ಬಿರಿಯುತ್ತಿದ್ದವು. ಮಳೆಗಾಲದಲ್ಲಿ ಆಕಾಶವೇ ನೀರು ಹೊಯ್ಯುತ್ತಿತ್ತು. ಆಗ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಹೋಗಲಿಲ್ಲ. ಎಲೆಯ ಗೊರಬು ಹೊದ್ದು ಏತದ ಬುಡದಲ್ಲಿ ಸುಮ್ಮನೆ ಕುಳಿತಿರುತ್ತಿದ್ದ. ಕೈಗೆ ಕೆಲಸವಿಲ್ಲದ ಆ ನಾಲ್ಕು ತಿಂಗಳು ಅವನಿಗೆ ಬೇಸಿಗೆಗಿಂತ ಕಷ್ಟವಾಗುತ್ತಿತ್ತು.

ಐದನೆಯ ವರ್ಷದ ವೈಶಾಖದಲ್ಲಿ ಅವನ ಅಕ್ಕ ಬೆಟ್ಟ ಹತ್ತಿ ಬಂದಳು. ಮಗಳ ಮದುವೆ. ಅವರ ಕುಲದಲ್ಲಿ ಮದುಮಗಳನ್ನು ಹಸೆಗೆ ಕರೆತರಬೇಕಾದವನು ಸೋದರಮಾವ. ಬೇರೆ ಯಾರೂ ಆ ಕೈ ಹಿಡಿಯುವಂತಿಲ್ಲ.

“ಎರಡು ದಿನಕ್ಕೆ ಬಾ ತಮ್ಮಾ” ಎಂದಳು ಅಕ್ಕ.

“ತುದಿಗಳು ಬಿರಿಯುತ್ತವೆ ಅಕ್ಕಾ.”

“ಬಿರಿಯಲಿ ಬಿಡೋ! ಮರ ತಾನೇ? ನನ್ನ ಮಗಳು ಯಾರ ಕೈ ಹಿಡಿದು ಬರಬೇಕು?”

ಅವನು ಮುಂದಿನ ಕೊಡ ಹಿಡಿದು ಸುರಿದ. ಅಕ್ಕ ತಂದಿದ್ದ ಬುತ್ತಿಯನ್ನು ಕಲ್ಲಿನ ಮೇಲಿಟ್ಟು ಇಳಿದುಹೋದಳು. ಮದುವೆಯ ದಿನ ಸೋದರಮಾವನ ಜಾಗದಲ್ಲಿ ಅವನದೊಂದು ಹಳೆಯ ಕಂಬಳಿಯನ್ನು ಹಿಡಿದುಕೊಂಡು ಹುಡುಗಿ ಹಸೆಗೆ ಬಂದಳಂತೆ. ಆಮೇಲೆ ಅಕ್ಕ ಬೆಟ್ಟ ಹತ್ತಲಿಲ್ಲ.

ವರ್ಷಗಳು ಹೋದವು. ರಾಶಿಗಳ ಮೇಲೆ ಪಾಚಿ ಬೆಳೆಯಿತು, ಜರಿಗಿಡ ಬೆಳೆಯಿತು. ಕಪ್ಪೆಗಳು ಸಂಸಾರ ಹೂಡಿದವು. ಹಾಗೆ ನೋಡಿದರೆ ಆ ಬೆಟ್ಟದಲ್ಲಿ ಸಂಸಾರವಿಲ್ಲದವನು ಅವನೊಬ್ಬನೇ. ಹಾದಿಯಲ್ಲಿ ಹುಲ್ಲು ಬೆಳೆದು ಹಾದಿ ಕಾಣದಾಯಿತು. ಇಡೀ ದಿನ ಕೇಳುತ್ತಿದ್ದದ್ದು ಏತದ ಕಿರಗುಟ್ಟುವ ಸದ್ದು ಮತ್ತು ನೀರು ತೊಟ್ಟಿಕ್ಕುವ ಸದ್ದು.

ಹನ್ನೊಂದನೆಯ ವರ್ಷ ಒಬ್ಬ ಬಡಗಿ ಬಂದ. ವಯಸ್ಸಾದವನು. ದಾರಿಹೋಕರಿಗಾಗಿ ಹೊಳೆಯಾಚೆ ಕಟ್ಟುತ್ತಿದ್ದ ಛತ್ರಕ್ಕೆ ಬಾಗಿಲು ಮಾಡಬೇಕಿತ್ತು. ಬೆಟ್ಟದ ಮೇಲೆ ಒಡೆಯನಿಲ್ಲದ ಮರಗಳಿವೆಯೆಂದು ಯಾರೋ ಹೇಳಿದ್ದರು. ಗಾಡಿಯನ್ನು ಕೆಳಗೆ ಹಳ್ಳ ದಾಟುವ ಜಾಗದಲ್ಲಿ ಬಿಟ್ಟು, ಹುಲ್ಲು ಸರಿಸಿಕೊಂಡು ಹತ್ತಿ ಬಂದ.

ಕಾವಲುಗಾರನಿಗೆ ಆನಂದವಾಯಿತು. ತೋರಿಸಲು ಯಾರೋ ಬಂದಿದ್ದರು. ಒಂದು ದಿಮ್ಮಿಯ ತೊಗಟೆಗೆ ಕತ್ತಿ ಹಾಕಿ ಕೆತ್ತಿ ತೋರಿಸಿದ.

“ನೋಡಿ ಆಚಾರ್ರೇ. ಒಂದು ಹುಳದ ತೂತಿಲ್ಲ. ನಿನ್ನೆ ಬಿದ್ದ ಹಾಗಿದೆ.”

ಬಡಗಿ ಬೆರಳೊತ್ತಿ ನೋಡಿದ, ಮೂಸಿ ನೋಡಿದ.

“ಹೌದಪ್ಪಾ. ನಿನ್ನೆ ಬಿದ್ದ ಹಾಗೇ ಇದೆ. ನಿನ್ನೆ ಬಿದ್ದ ಮರದಿಂದ ಬಾಗಿಲು ಮಾಡಿದರೆ ನಾಳೆ ಬಾಗಿಲು ಬಿಲ್ಲಾಗುತ್ತದೆ. ಇದು ಕೊಳೆತಿಲ್ಲ, ಒಪ್ಪಿದೆ. ಒಣಗಿಯೂ ಇಲ್ಲವಲ್ಲ? ಒಲೆಗೆ ಇಟ್ಟರೂ ಹೊಗೆಯಾಡುತ್ತದೆ.”

ಕಾವಲುಗಾರ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿದ. ಬಡಗಿ ಸುತ್ತಲೂ ಕಣ್ಣಾಡಿಸಿದ. ಸೋಗೆ ಹೊದಿಸಿದ ಗುಡಿಸಲು ಕಂಡಿತು. ಅದರ ಬಾಯಿಗೆ ಹರಕು ಚಾಪೆಯೊಂದು ನೇತಾಡುತ್ತಿತ್ತು.

“ಐನೂರು ಮರ ಕಾಯುವ ಧಣಿ, ನಿನ್ನ ಮನೆಗೇ ಬಾಗಿಲಿಲ್ಲವಲ್ಲೋ” ಎಂದು ನಕ್ಕ. ಆಮೇಲೆ ದಿಮ್ಮಿಯನ್ನು ತಟ್ಟಿ ಕೇಳಿದ. “ಹೋಗಲಿ, ಇದು ಹೊನ್ನೆಯಲ್ಲವೇ? ನಿಂತಾಗ ಹೇಗಿತ್ತು? ನೆಟ್ಟಗೆ ಬೆಳೆದಿತ್ತೇ? ಕೊಂಬೆ ಎಲ್ಲಿ ಒಡೆದಿತ್ತು? ತಿಳಿದರೆ ಕೊಯ್ಯುವುದಕ್ಕೆ ಅನುಕೂಲ.”

“ಇದು ಮೂರನೆಯ ರಾಶಿಯ ಎರಡನೆಯ ಸಾಲಿನದು” ಎಂದ ಕಾವಲುಗಾರ. “ಬಿರುಗಾಳಿ ಇದನ್ನು ಪಡುವಣಕ್ಕೆ ಕೆಡವಿತು. ಬೀಳುವಾಗ ಎರಡು ಸಲ ಲಟಕ್ಕೆಂದಿತು. ಬೇರಿನ ಜೊತೆ ಒಂದು ಬಂಡೆಯೂ ಎದ್ದಿತ್ತು.”

“ಅದಲ್ಲಪ್ಪಾ. ನಿಂತಾಗ?”

ಕಾವಲುಗಾರ ಬಾಯಿ ತೆರೆದ. ತುಂಬ ಹೊತ್ತು ಯೋಚಿಸಿದ. ಬಾಯಿ ಮುಚ್ಚಿದ.

ಬಡಗಿ ಮತ್ತೆ ಕೇಳಲಿಲ್ಲ. ಒಳ್ಳೆಯವನು. ಅವನ ಪಕ್ಕದಲ್ಲಿ ಕುಳಿತು ಹೇಳಿದ: “ಒಂದು ಕೆಲಸ ಮಾಡು. ಎಲ್ಲವನ್ನೂ ಉಳಿಸಲು ಆಗದು. ಇದೊಂದನ್ನು ಹೊರಗೆ ಉರುಳಿಸೋಣ. ನೆರಳಿಗೆ ಹಾಕಿ, ಎರಡು ತುದಿಗೂ ಸೆಗಣಿ ಬಳಿಯೋಣ. ಮೆಲ್ಲಗೆ ಒಣಗಲಿ. ಬರುವ ವರ್ಷ ನಾವಿಬ್ಬರೂ ಬಂದು ಒಯ್ಯೋಣ. ಅಲ್ಲಿಯವರೆಗೆ ನೀನು ನನ್ನ ಜೊತೆ ಬಾ. ಗರಗಸದ ಇನ್ನೊಂದು ತುದಿ ಹಿಡಿಯಲು ನನಗೂ ಯಾರೂ ಇಲ್ಲ.”

ಕಾವಲುಗಾರ ಒಪ್ಪಿದ. ಇಬ್ಬರೂ ಸನ್ನೆಗೋಲು ಹಾಕಿ ದಿಮ್ಮಿಯನ್ನು ಉರುಳಿಸಿ, ಒಂದು ಹೆಬ್ಬಂಡೆಯ ನೆರಳಿಗೆ ತಂದರು. ಬಡಗಿ ಕೆಳಗಿಳಿದು ಎತ್ತುಗಳ ಸೆಗಣಿ ತಂದ. ತುದಿಗಳಿಗೆ ಬಳಿದರು.

“ಒಣಗುವಾಗ ಒಂದೆರಡು ಸಲ ಚಟ್ ಎನ್ನುತ್ತದೆ. ಹೆದರಬೇಡ” ಎಂದ ಬಡಗಿ. “ಸದ್ದು ಮಾಡದೆ ಒಣಗಿದ ಮರವನ್ನು ನಾನು ಈ ವಯಸ್ಸಿನವರೆಗೂ ಕಂಡಿಲ್ಲ. ನಾನು ಹೋಗಿ ಗಾಡಿ ಕಟ್ಟುತ್ತೇನೆ. ಗಂಟು ಕಟ್ಟಿಕೊಂಡು ಬಾ.”

ಬಡಗಿ ಇಳಿದುಹೋದ. ಕಾವಲುಗಾರ ಗಂಟು ಕಟ್ಟಿದ. ಕಟ್ಟುವಂಥದ್ದು ಹೆಚ್ಚೇನೂ ಇರಲಿಲ್ಲ. ಗಂಟನ್ನು ಹೆಗಲಿಗೇರಿಸಿ ಹೊರಟವನು ದಿಮ್ಮಿಯ ಹತ್ತಿರ ನಿಂತ. ಕೆತ್ತಿದ ಜಾಗದಲ್ಲಿ ಅದರ ಬಣ್ಣ ಆಗಲೇ ತಿಳಿಯಾಗುತ್ತಿತ್ತು. ಅದರ ಮೇಲೆ ಕೈಯಿಟ್ಟ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅಂಗೈ ಒದ್ದೆಯಾಗಲಿಲ್ಲ. ಯಾರೋ ಪರಿಚಯವಿಲ್ಲದವರ ಮೈ ಮುಟ್ಟಿದ ಹಾಗಾಯಿತು.

ಆಗ ದಿಮ್ಮಿ ಚಟ್ ಎಂದಿತು.

ಚಿಕ್ಕ ಸದ್ದು. ಗೋಧಿಯ ಕಾಳು ಹುರಿಯುವಾಗ ಸಿಡಿದಷ್ಟು.

ಕೆಳಗೆ ಬಡಗಿ ಎತ್ತುಗಳಿಗೆ ನೊಗ ಹೂಡಿ ಕಾಯುತ್ತಿದ್ದ. ಗಾಡಿಯಲ್ಲಿ ಒಬ್ಬನಿಗೆ ಜಾಗ ಮಾಡಿ, ಹುಲ್ಲು ಹಾಸಿ, ಅದರ ಮೇಲೆ ತನ್ನ ಮೇಲುವಸ್ತ್ರವನ್ನೂ ಹಾಸಿದ್ದ. ತಂಬಾಕು ಮುಗಿಯುವವರೆಗೆ ಕಾದ. ಎತ್ತುಗಳು ತಲೆ ಕೊಡವಿದವು. ಆಗ ಮೇಲಿನಿಂದ ಒಂದು ಸದ್ದು ಕೇಳಿಸಿತು. ಬಡಗಿ ಕಿವಿಗೊಟ್ಟು ಆಲಿಸಿದ.

ಏತ ಕಿರಗುಟ್ಟುತ್ತಿತ್ತು.

ಅವನು ಇನ್ನೂ ಸ್ವಲ್ಪ ಹೊತ್ತು ಕಾದ. ಸದ್ದು ನಿಲ್ಲಲಿಲ್ಲ. ಹಾಸಿದ್ದ ಮೇಲುವಸ್ತ್ರವನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, ಎತ್ತುಗಳನ್ನು ಹೊಡೆದುಕೊಂಡು ಹೊಳೆಯ ಕಡೆಗೆ ಹೋದ.

ಗುರುಗಳು ಕತೆ ನಿಲ್ಲಿಸಿದರು. ಹಾಲಯ್ಯ ನೆಲ ನೋಡುತ್ತ ಕುಳಿತಿದ್ದ. ಆ ಕಾವಲುಗಾರನ ಪರವಾಗಿ ಏನಾದರೂ ಹೇಳಲೇಬೇಕೆಂಬಂತೆ ಬಾಯಿಬಿಟ್ಟ.

“ಏನೇ ಆಗಲಿ ಗುರುಗಳೇ, ಮರವಂತೂ ಉಳಿಯಿತಲ್ಲ.”

“ಮರ ಎಲ್ಲಿ ಉಳಿಯಿತಪ್ಪಾ, ಉಳಿದದ್ದು ಅದು ಬಿದ್ದ ದಿನ” ಎಂದರು ಗುರುಗಳು.