ತೇಲುಬಳೆಗೆ ಬಂದ ಆಜ್ಞೆ

ಯುದ್ಧನೌಕೆಯಲ್ಲಿ ಅದೂ ಎಂದಿನಂಥದೇ ಬೆಳಗು. ನಾವಿಕ ಮಾದೇವ ಖಾರ್ವಿ ಹಡಗಿನ ಅಂಚಿನ ಕಟಕಟೆಯಲ್ಲಿ ತೂಗುತ್ತಿದ್ದ, ನೀರಿಗೆ ಬಿದ್ದವರನ್ನು ಕಾಪಾಡುವ ತೇಲುಬಳೆಗೆ ಕೆಂಪು ಬಣ್ಣ ಬಳಿದು ಮುಗಿಸಿದ್ದ. ಅಷ್ಟರಲ್ಲಿ ಶತ್ರುವಿನ ಗುಂಡು ಪಕ್ಕದಲ್ಲೇ ಸಿಡಿದು, ಅವನು ಕಡಲಿಗೆ ಬಿದ್ದ.

“ಸಾರ್, ನಮ್ಮ ಮಾದೇವ ಮುಳುಗುತ್ತಿದ್ದಾನೆ! ಹಾರಲೇ?” ಎಂದು ತೇಲುಬಳೆ ತನ್ನ ಮೇಲಧಿಕಾರಿಯಾದ ಲಂಗರನ್ನು ಕೇಳಿತು.

“ಹಿರಿಯ ನಾನಿರುವಾಗ ನೀನು ಮೊದಲು ಇಳಿಯುವುದೇನಯ್ಯ? ಹಡಗಿನ ಪದ್ಧತಿ ಮರೆತೆಯಾ?”

“ಆದರೆ ತಮಗೆ ತೇಲಲು ಬರುವುದಿಲ್ಲವಲ್ಲ, ಸಾರ್!”

“ತೇಲುವುದು ಕಿರಿಯರ ಕೆಲಸ. ನಾನು ಮರಳಿ ಬಂದು ಆಜ್ಞೆ ಕೊಡುವವರೆಗೆ ಕದಲಬೇಡ,” ಎಂದು ಲಂಗರು ಧುಮುಕಿ, ನೇರವಾಗಿ ತಳ ಸೇರಿತು.

ಮಾದೇವ ಬಳೆಯ ಕಡೆಗೆ ಕೈ ಚಾಚಿದ. ಬಳೆ ಅವನತ್ತ ವಾಲಿತು, ಆದರೆ ಆಜ್ಞೆ ಮೀರಲಿಲ್ಲ. ಅವನು ಮತ್ತೆ ಕಾಣಲಿಲ್ಲ.

ಮಧ್ಯಾಹ್ನ ಲಂಗರನ್ನು ಮೇಲೆತ್ತಿದರು. “ಈಗ ನೀನು ಹಾರಬಹುದು,” ಎಂದಿತು ಅದು.

ತೇಲುಬಳೆಯ ಬಣ್ಣ ಇನ್ನೂ ಒಣಗಿರಲಿಲ್ಲ.