ಚೌಕದ ಆರಾಮ

ಕೋಟೆ ಬಾಗಿಲಿನ ಹಳೆಯ ಚೌಕದಲ್ಲಿ ಸಂಜೆಯಾದರೆ ಸಾಕು, ಕಾಲಿಡಲು ಜಾಗವಿರುತ್ತಿರಲಿಲ್ಲ. ಹೂವಿನವರ ಕೂಗು, ಕುಸ್ತಿಯ ಸುದ್ದಿ, ಮದುವೆ ಮಾತುಕತೆ, ಸುಮ್ಮಸುಮ್ಮನೆ ಜಗಳ, ಎಲ್ಲ ಅಲ್ಲೇ. ಅಡಿವೆಪ್ಪನ ಭಜಿ ಅಂಗಡಿಯ ಮುಂದಿನ ಕಲ್ಲುಕಟ್ಟೆಯಂತೂ ಹರಟೆಮಲ್ಲರ ಸ್ವಂತ ಆಸ್ತಿ!

ಅಂಗಡಿಯ ಮೇಲಿನ ಕೋಣೆಯಲ್ಲಿ ಅಡಿವೆಪ್ಪನ ತಾಯಿ ಸಾವಂತ್ರೆವ್ವ ಕಾಲು ಮುರಿದುಕೊಂಡು ಮಲಗಿದ್ದಳು. ನೋಡಲು ಬಂದ ಡಾಕ್ಟರು, "ಅವ್ವಗ ಆರಾಮ ಬೇಕು ನೋಡ್ರಿ" ಎಂದು ಹೇಳಿಹೋದರು. ಅಡಿವೆಪ್ಪನಿಗೆ ತಾಯಿಯೆಂದರೆ ಪ್ರಾಣ. ಈ ಗದ್ದಲದಲ್ಲಿ ಎಲ್ಲಿಯ ಆರಾಮ ಎಂದು ತಲೆ ಕೆಡಿಸಿಕೊಂಡ. ಕೊನೆಗೊಂದು ಉಪಾಯ ಹೂಡಿದ. ಹೊತ್ತು ಇಳಿಯುತ್ತಲೇ ಕಟ್ಟೆಯ ಮೇಲೆ ಕೊಡಗಟ್ಟಲೆ ನೀರು ಸುರಿದುಬಿಟ್ಟ. ಬಂದವರಿಗೆ, "ಕಟ್ಟಿ ಹಸಿ ಐತ್ರಿ, ಆ ಕಡೆ ಹೋಗ್ರಿ" ಎಂದ. ದಿನವೂ ಅದೇ ಕತೆ. ಜನ ಮುಖ ಮುಖ ನೋಡಿಕೊಂಡು ಚೌಕದ ಆಚೆ ತುದಿಗೆ ಸರಿದರು.

ಕಟ್ಟೆಯೇನೋ ಸುಮ್ಮನಾಯಿತು. ಆದರೆ ಸಾವಂತ್ರೆವ್ವನ ಮುಖ ಬಾಡಿತು. ರೊಟ್ಟಿ ತಂದಿಟ್ಟರೆ ಒಲ್ಲೆ, ಮಾತಾಡಿಸಿದರೆ ಹೂಂ ಇಲ್ಲ, ಉಹೂಂ ಇಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ತಾಯಿ ತನ್ನ ಕೈಬಿಟ್ಟು ಹೋಗುತ್ತಾಳೇನೋ ಎಂದು ಅಡಿವೆಪ್ಪನಿಗೆ ಅಳುವೇ ಬಂತು.

"ಏನಾಗೇತಿ ಯವ್ವಾ? ನಿನಗ ಆರಾಮ ಸಿಗಲಿ ಅಂತ ಆ ಮಂದೀನ್ನೆಲ್ಲಾ ಓಡಿಸೇನಿ!"

ಸಾವಂತ್ರೆವ್ವ ಗಕ್ಕನೆ ತಿರುಗಿದಳು. "ಓಡಿಸಿದಾಂವ ನೀನಾ? ಮಂದಿ ನನ್ನ ಮರತಾರ ಅಂತ ತಿಳ್ಕೊಂಡಿದ್ನಲ್ಲೋ! ದಿನಾ ಸಂಜಿಕ ಕಿಟಕಿ ಕಡೆ ಮುಖ ಎತ್ತಿ, 'ಅವ್ವಾ, ಆರಾಮ ಏನ್ರಿ?' ಅಂತ ಕೇಳತಿದ್ರು. ಕೇಳೋರನ್ನ ಓಡಿಸಿ ನನಗ ಎಲ್ಲಿಂದ ಆರಾಮ ತರ್ತೀಯೋ, ಮಂಗ್ಯಾ?"

ಬಾಣಲೆಯ ಚರಚರ ಸದ್ದಿನಲ್ಲಿ ಅಡಿವೆಪ್ಪನ ಕಿವಿಗೆ ಆ ಮಾತು ಒಂದು ದಿನವೂ ಬಿದ್ದಿರಲಿಲ್ಲ. ಮೆಟ್ಟಿಲು ಹಾರಿಕೊಂಡು ಕೆಳಗಿಳಿದ. ಹೆಗಲ ಮೇಲಿನ ಟವೆಲ್ಲಿನಿಂದ ಕಟ್ಟೆಯನ್ನು ತಿಕ್ಕಿ ತಿಕ್ಕಿ ಒರೆಸಿದ. ಚೌಕದ ನಡುವೆ ನಿಂತು, "ಬರ್ರೆಪೋ, ಕಟ್ಟಿ ಒಣಗೇತಿ! ಅವ್ವ ಕರಿಯಾಕತ್ತಾಳ!" ಎಂದು ಕೂಗಿದ. ಹರಟೆಮಲ್ಲರು ನಗುನಗುತ್ತಾ ಬಂದು ಕುಳಿತರು. ಎಲ್ಲರೂ ಕತ್ತೆತ್ತಿ, "ಅವ್ವಾ, ಆರಾಮ ಏನ್ರಿ?" ಎಂದರು.

"ಈಗ ಆರಾಮ ಅದೀನ್ರೋ!" ಎಂದು ಕಿಟಕಿಯಿಂದ ದನಿ ಬಂತು. "ಅಡಿವ್ಯಾ, ಎಲ್ಲಾರಿಗೂ ಬಿಸಿ ಭಜಿ ಕೊಡು. ನನಗೂ ಒಂದು ತಾ!"

ನೀತಿ: ಒಬ್ಬರಿಗೆ ಒಳ್ಳೆಯದು ಮಾಡುವ ಮುನ್ನ ಏನು ಬೇಕೆಂದು ಅವರನ್ನೇ ಕೇಳಬೇಕು. ನಮಗೆ ಗದ್ದಲವೆನಿಸಿದ್ದು ಅವರ ಪಾಲಿಗೆ ಬಳಗವಾಗಿರಬಹುದು.